ಪಂಪ್‌ಮನೆಯ ರಿಲೇಗಾಗಿ ಎರಡು ಬೋರ್ಡುಗಳು: ಸಿ ಫೈಲೋ, ಡಿವೈಸ್ ಟ್ರೀಯೋ?

ಪಾಂಡವಪುರದ ಹತ್ತಿರ ನಮ್ಮ ಕಬ್ಬಿನ ಗದ್ದೆಯ ಪಂಪ್‌ಮನೆಯಲ್ಲಿ ಈಗ ಕೆಲಸ ಮಾಡುತ್ತಿರುವುದು ನಾನು ಎರಡನೆಯದಾಗಿ ಕೊಂಡ ಬೋರ್ಡು, ಲಿನಕ್ಸ್ ಓಡಿಸುವ ಪುಟ್ಟ ಕಂಪ್ಯೂಟರ್; ಪಂಪಿನ ಸ್ಟಾರ್ಟರನ್ನು ಹಾಕಿ ತೆಗೆಯುವ ಸ್ವಿಚ್ಚಾದ ರಿಲೇಯನ್ನು ಅದು ನಡೆಸುತ್ತದೆ. ಮೊದಲು ಕೊಂಡದ್ದು ಮೈಸೂರಿನ ಮನೆಯ ಕಪಾಟಿನಲ್ಲಿದೆ. 1,800 ರೂಪಾಯಿಗೆ ಸಿಕ್ಕಿತೆಂದು ಅದನ್ನು ತಂದೆ. ಎರಡನೆಯದಕ್ಕೆ 4,200 ಕೊಟ್ಟೆ. ಮತ್ತೆ ಕೊಳ್ಳಬೇಕಾಗಿ ಬಂದರೂ ಎರಡನೆಯದನ್ನೇ ಕೊಳ್ಳುತ್ತೇನೆ. ಪ್ರೊಸೆಸರ್, ಮೆಮೊರಿಗಳಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಒಂದೇ ಕಡೆ: ತನ್ನ ಸುತ್ತ ಯಾವ ಯಾವ ಸಾಧನಗಳಿವೆ ಎಂಬುದನ್ನು ಬೂಟ್‌ಲೋಡರ್ (ಲಿನಕ್ಸ್‌ಗೂ ಮೊದಲು ಓಡಿ ಅದನ್ನು ಎಬ್ಬಿಸುವ ಪ್ರೋಗ್ರಾಂ) ತಿಳಿದುಕೊಳ್ಳುವ ಬಗೆಯಲ್ಲಿ.

ಪಂಪಿನ ಬೋರ್ಡಿಗೆ ಇದು ಏಕೆ ಮುಖ್ಯ ಎಂಬುದನ್ನು ಹೇಳಬೇಕು. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ನಿಂತ ದಿನಗಳಲ್ಲಿ ನಮಗೆ ಕೊಳವೆಬಾವಿಯೇ ಗತಿ. ತ್ರೀಫೇಸ್ ವಿದ್ಯುತ್ ಬರುವುದು ಹೆಚ್ಚಾಗಿ ರಾತ್ರಿ. ಬಂದ ಕೂಡಲೇ ಬೋರ್ಡ್ ಬೂಟ್ ಆಗುತ್ತದೆ, ಲಿನಕ್ಸ್ ಏಳುತ್ತದೆ, ನನ್ನ ಪ್ರೋಗ್ರಾಂ ರಿಲೇಯನ್ನು ವಶಕ್ಕೆ ತೆಗೆದುಕೊಳ್ಳುತ್ತದೆ. ಅಷ್ಟರವರೆಗಿನ ಅರ್ಧ ನಿಮಿಷ ರಿಲೇಯ ಪಿನ್‌ಗೆ ಒಡೆಯನಿಲ್ಲ. ಒಂದು ರಾತ್ರಿ ಸ್ಟಾರ್ಟರ್ ಕಟಕಟ ಎಂದು ಹಿಡಿದು ಬಿಟ್ಟಿದ್ದನ್ನು ಅಪ್ಪ ಕೇಳಿಸಿಕೊಂಡರು. ಮೋಟಾರು ಸುಟ್ಟರೆ ರೀವೈಂಡಿಂಗ್ ಖರ್ಚು, ಜೊತೆಗೆ ಒಂದು ವಾರ ನೀರಿಲ್ಲ. ಪಿನ್ನನ್ನು ಸೊನ್ನೆಯತ್ತ, ಅಂದರೆ ಆಫ್ ಕಡೆಗೆ, ಎಳೆದಿಡುವ 10 ಕಿಲೋಓಮ್ ಪುಲ್‌ಡೌನ್ ರೆಸಿಸ್ಟರ್ ಹಾಕಿದೆ. ಅದರ ಮೇಲೆ ಬೂಟ್‌ಲೋಡರ್ ಕೂಡ ಆ ಪಿನ್ನನ್ನು ಸೊನ್ನೆಯಲ್ಲಿ ಹಿಡಿದಿರಬೇಕು ಎಂದು ನಿರ್ಧರಿಸಿದೆ.

ಮೊದಲ ಬೋರ್ಡಿಗೆ ಮಾರಾಟಗಾರರು ಕೊಟ್ಟದ್ದು ಯು-ಬೂಟ್ ಎಂಬ ಬೂಟ್‌ಲೋಡರ್‌ನ ಹಳೆಯ ಪ್ರತಿ, ಸಾಧನಗಳನ್ನೂ ಅವನ್ನು ನಡೆಸುವ ಡ್ರೈವರ್‌ಗಳನ್ನೂ ಒಂದೇ ಕ್ರಮದಲ್ಲಿ ಜೋಡಿಸುವ ಡ್ರೈವರ್ ಮಾಡೆಲ್ ಎಂಬ ವ್ಯವಸ್ಥೆ ಬರುವುದಕ್ಕೂ ಮುಂಚಿನದು. ಅದರಲ್ಲಿ ಎಲ್ಲವೂ ಬೋರ್ಡಿನ ಸಿ ಫೈಲಿನಲ್ಲೇ ಇರುತ್ತದೆ: ಸೀರಿಯಲ್ (ಬೋರ್ಡ್ ತನ್ನ ಮಾತನ್ನು ಲ್ಯಾಪ್‌ಟಾಪಿಗೆ ಅಕ್ಷರಗಳಾಗಿ ಕಳಿಸುವ ದಾರಿ) ಎಲ್ಲಿದೆ, ಕಾರ್ಡ್ ಎಲ್ಲಿದೆ, ಯಾವ ಪಿನ್ ಯಾವುದಕ್ಕೆ. ನಿಜ ಹೇಳಬೇಕೆಂದರೆ ರಿಲೇಗಾಗಿ ಬರೆಯಬೇಕಾದದ್ದು ಎರಡೇ ಸಾಲು. ಪಿನ್ ಕೇಳು, ಸೊನ್ನೆ ಮಾಡು. ಕಷ್ಟ ಬಂದದ್ದು ಅದನ್ನು ಕಂಪೈಲ್ ಮಾಡುವಾಗ. ಜಿಸಿಸಿ ಕಂಪೈಲರ್‌ನ ಪ್ರತಿ ಆವೃತ್ತಿಗೂ ಒಂದೊಂದು ಹೆಡರ್ ಫೈಲ್ ಬೇಕೆನ್ನುವ ಕಾಲದ ಮೂಲ ಕೋಡ್ ಅದು. ಇಂದಿನ ಕಂಪೈಲರ್ ಕೊಟ್ಟರೆ ಇಲ್ಲದ ಹೆಡರ್ ಕೇಳಿ ನಿಂತುಬಿಡುತ್ತದೆ. ಹಳೆಯ ಕಂಪೈಲರ್ ಹುಡುಕಿ ತಂದು ಕೆಲಸ ಮುಗಿಸಿದೆ. ಮರುವಾರ ರಿಲೇಯನ್ನು ಬೇರೆ ಪಿನ್ನಿಗೆ ಬದಲಿಸಿದಾಗ ಬೂಟ್‌ಲೋಡರ್‌ನಲ್ಲಿ ಒಮ್ಮೆ, ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಇನ್ನೊಮ್ಮೆ ತಿದ್ದಬೇಕಾಯಿತು. ಒಂದು ಕಡೆ ಮರೆತೆ. ಬೋರ್ಡ್ ಕಪಾಟು ಸೇರಿದ್ದು ಆ ದಿನ.

ಎರಡನೆಯ ಬೋರ್ಡಿಗೆ ಯು-ಬೂಟ್‌ನ ಮುಖ್ಯ ಮೂಲದಲ್ಲೇ ಬೆಂಬಲವಿದೆ. ಸಾಧನಗಳ ವಿವರ ಸಿ ಭಾಷೆಯಲ್ಲಿಲ್ಲ, ಡಿವೈಸ್ ಟ್ರೀ ಎಂಬ ಪಠ್ಯದಲ್ಲಿದೆ. ಪ್ರತಿ ಸಾಧನಕ್ಕೂ ಒಂದು ನೋಡ್. ಅದರ ಕಂಪ್ಯಾಟಿಬಲ್ ಎಂಬ ಸಾಲು ಯಾವ ಡ್ರೈವರ್ ಎಂದು ಹೇಳುತ್ತದೆ, ರೆಗ್ ಎಂಬ ಸಾಲು ಯಾವ ವಿಳಾಸ ಎಂದು ಹೇಳುತ್ತದೆ. ಕರ್ನಲ್ ಓದುವುದೂ ಇದೇ ಬರಹವನ್ನು. 2024ರಿಂದ ಕರ್ನಲ್‌ನ ಈ ಫೈಲುಗಳನ್ನು ಯು-ಬೂಟ್ ತನ್ನ ಮೂಲದೊಳಗೆ ಇದ್ದಂತೆಯೇ ಇಟ್ಟುಕೊಳ್ಳುವ ಏರ್ಪಾಡೂ ಬಂದಿದೆ. ಬೂಟ್‌ಲೋಡರ್‌ಗೆ ಮಾತ್ರ ಬೇಕಾದದ್ದನ್ನು, ಹೆಸರಿನ ಕೊನೆಯಲ್ಲಿ ‘-ಯು-ಬೂಟ್.ಡಿಟಿಎಸ್‌ಐ’ ಎಂದಿರುವ ಪಕ್ಕದ ಫೈಲಿನಲ್ಲಿ ಬರೆಯಬೇಕು.

ರಿಲೇಗೆ ಇದಕ್ಕಿಂತ ಸರಿಯಾದ ಜಾಗವಿಲ್ಲ. ಜಿಪಿಐಒ-ಹಾಗ್ ಎಂಬ ಚಿಕ್ಕ ನೋಡ್ ಬರೆದು ‘ಔಟ್‌ಪುಟ್-ಲೋ’ ಎಂದರೆ ಯು-ಬೂಟ್ ಪಿನ್ನನ್ನು ಸೊನ್ನೆಯಲ್ಲಿ ಹಿಡಿಯುತ್ತದೆ. ಇದೇ ನೋಡ್ ಕರ್ನಲ್‌ನ ಟ್ರೀಯಲ್ಲಿದ್ದರೆ ಕರ್ನಲ್ ಕೂಡ ಪಿನ್ನನ್ನು ಹಿಡಿದುಕೊಂಡು ನನ್ನ ಪ್ರೋಗ್ರಾಮಿಗೆ ಬಿಟ್ಟುಕೊಡುವುದಿಲ್ಲ. ಪಕ್ಕದ ಫೈಲಿನಲ್ಲಿದ್ದರೆ ಹಿಡಿತ ಬೂಟ್‌ಲೋಡರ್‌ನೊಂದಿಗೇ ಮುಗಿಯುತ್ತದೆ.

ನಾಲ್ಕು ಸಂಜೆಗಳನ್ನು ನುಂಗಿದ ತೊಡಕು ಬಂದದ್ದು ಇಲ್ಲಿಯೇ. ಮೂಲ ಬೋರ್ಡಿನ ಫೈಲನ್ನು ಮುಟ್ಟಬಾರದೆಂದು ನನ್ನದೇ ಹೆಸರಿನ ಹೊಸ ಡಿಟಿಎಸ್ (ಡಿವೈಸ್ ಟ್ರೀಯ ಪಠ್ಯ ಫೈಲು) ಮಾಡಿದೆ, ಅದರೊಳಗೆ ಮೂಲವನ್ನು ಇನ್‌ಕ್ಲೂಡ್ ಮಾಡಿದೆ. ಅದೇ ಹೆಸರಿನ ಪಕ್ಕದ ಫೈಲಿನಲ್ಲಿ ರಿಲೇಯ ನೋಡ್ ಒಂದನ್ನೇ ಬರೆದೆ. ಬಿಲ್ಡ್ ಒಂದು ಎಚ್ಚರಿಕೆಯೂ ಇಲ್ಲದೆ ಮುಗಿಯಿತು. ಕಾರ್ಡಿಗೆ ಬರೆದು ವಿದ್ಯುತ್ ಕೊಟ್ಟರೆ ಸೀರಿಯಲ್‌ನಲ್ಲಿ ಒಂದು ಅಕ್ಷರವೂ ಇಲ್ಲ. ಕಾರ್ಡ್ ಬದಲಿಸಿದೆ, ಯುಎಸ್‌ಬಿ ಸೀರಿಯಲ್ ತಂತಿ ಬದಲಿಸಿದೆ, 1,15,200 ವೇಗವನ್ನು ಮತ್ತೆ ಮತ್ತೆ ಪರೀಕ್ಷಿಸಿದೆ. ಬೋರ್ಡೇ ಸತ್ತಿರಬೇಕು ಎಂದುಕೊಂಡು ಒಂದು ರಾತ್ರಿ ಮಲಗಿದೆ.

ನಾಲ್ಕನೆಯ ಸಂಜೆ ಸಂರಚನೆಯಲ್ಲಿ ಡೀಬಗ್ ಯುಎಆರ್‌ಟಿ ಎಂಬ ಆಯ್ಕೆಯನ್ನು ಹಚ್ಚಿದೆ. ಅದು ಡಿವೈಸ್ ಟ್ರೀಯನ್ನು ನೆಚ್ಚದೆ, ನಾವು ಕೊಟ್ಟ ವಿಳಾಸಕ್ಕೆ ನೇರವಾಗಿ ಅಕ್ಷರ ಬರೆಯುತ್ತದೆ. ಆಗ ಒಂದು ಸಾಲು ಬಂತು: ಸೀರಿಯಲ್ ಡ್ರೈವರ್ ಸಿಗಲಿಲ್ಲ. ಮೊದಲ ದಿನದಿಂದಲೂ ಯು-ಬೂಟ್ ಹೇಳಲು ಹೊರಟಿದ್ದು ಇದನ್ನೇ. ಆದರೆ ಹೇಳುವುದಕ್ಕೆ ಸೀರಿಯಲ್ ಬೇಕಿತ್ತು, ಇಲ್ಲದಿದ್ದುದೂ ಸೀರಿಯಲ್ಲೇ.

ಕಾರಣ ಹೀಗೆ. ಯು-ಬೂಟ್‌ನ ಮೊದಲ ಹಂತವಾದ ಎಸ್‌ಪಿಎಲ್ ಚಿಪ್ಪಿನೊಳಗಿನ ಪುಟ್ಟ ಮೆಮೊರಿಯಲ್ಲಿ ಓಡಬೇಕು. ಇಡೀ ಟ್ರೀ ಅಲ್ಲಿ ಹಿಡಿಸುವುದಿಲ್ಲ. ಅದಕ್ಕಾಗಿ ಬಿಲ್ಡ್ ಸಮಯದಲ್ಲಿ ಎಫ್‌ಡಿಟಿಗ್ರೆಪ್ ಎಂಬ ಸಲಕರಣೆ ‘ಬೂಟ್‌ಪಿಎಚ್-ಆಲ್’ನಂಥ ಗುರುತು ಇರುವ ನೋಡ್‌ಗಳನ್ನು ಉಳಿಸಿ ಮಿಕ್ಕವನ್ನು ಸವರಿಹಾಕುತ್ತದೆ. ಸೀರಿಯಲ್‌ಗೆ, ಕಾರ್ಡಿಗೆ ಆ ಗುರುತು ಇದ್ದದ್ದು ಮೂಲ ಬೋರ್ಡಿನ ಪಕ್ಕದ ಫೈಲಿನಲ್ಲಿ. ಯು-ಬೂಟ್ ಪಕ್ಕದ ಫೈಲನ್ನು ಹುಡುಕುವುದು ಡಿಟಿಎಸ್ ಹೆಸರಿನಿಂದ. ಅದಿಲ್ಲದಿದ್ದರೆ ಚಿಪ್ಪಿನ ಹೆಸರು, ಆಮೇಲೆ ಪ್ರೊಸೆಸರ್, ತಯಾರಕರ ಹೆಸರು. ಮೊದಲು ಸಿಕ್ಕಿದ ಒಂದನ್ನು ಮಾತ್ರ ಸೇರಿಸಿಕೊಂಡು ನಿಲ್ಲುತ್ತದೆ. ನನ್ನ ಫೈಲು ಸಿಕ್ಕಿತು, ಹಾಗಾಗಿ ಮಿಕ್ಕವನ್ನು ನೋಡಲಿಲ್ಲ. ಎಸ್‌ಪಿಎಲ್‌ನ ಡಿಟಿಬಿಯನ್ನು, ಅಂದರೆ ಕಂಪೈಲ್ ಆದ ಟ್ರೀಯನ್ನು, ಮತ್ತೆ ಪಠ್ಯಕ್ಕೆ ತಿರುಗಿಸಿ ನೋಡಿದರೆ ಅದು ಬಹುಮಟ್ಟಿಗೆ ಖಾಲಿ. ನನ್ನ ಪಕ್ಕದ ಫೈಲಿನ ಮೊದಲ ಸಾಲಿನಲ್ಲಿ ಮೂಲದ ಪಕ್ಕದ ಫೈಲನ್ನು ಇನ್‌ಕ್ಲೂಡ್ ಮಾಡಿದೆ, ಬೋರ್ಡ್ ಮಾತಾಡಿತು. ಈ ನಿಯಮ ದಾಖಲೆಯಲ್ಲಿ ಸ್ಪಷ್ಟವಾಗಿಯೇ ಇದೆ. ಆದರೂ ಇಂಥ ಕಡೆ ಬಿಲ್ಡ್ ಒಂದು ಎಚ್ಚರಿಕೆ ಕೊಡಬೇಕಿತ್ತು ಎಂದು ಈಗಲೂ ನನಗೆ ಅನ್ನಿಸುತ್ತದೆ.

ಹುಡುಕುವವರಿಗೆ ಒಂದು ಮಾತು: 2023ಕ್ಕಿಂತ ಹಿಂದಿನ ಬರಹಗಳಲ್ಲಿ ‘ಬೂಟ್‌ಪಿಎಚ್-ಆಲ್’ ಗುರುತಿಗೆ ‘ಯು-ಬೂಟ್,ಡಿಎಂ-ಪ್ರಿ-ರೀಲಾಕ್’ ಎಂಬ ಹಳೆಯ ಹೆಸರು ಇರುತ್ತದೆ.

ಮೂರನೆಯ ದಾರಿಯೂ ಇದೆ, ಆಫ್-ಪ್ಲಾಟ್‌ಡೇಟಾ. ಡಿಟಾಕ್ ಎಂಬ ಸಲಕರಣೆ ಟ್ರೀಯನ್ನು ಬಿಲ್ಡ್ ಸಮಯದಲ್ಲೇ ಸಿ ರಚನೆಗಳನ್ನಾಗಿ ಮಾಡುತ್ತದೆ. ಟ್ರೀಯನ್ನು ಓದುವ ಕೋಡಿನ ಭಾರ ತಪ್ಪುತ್ತದೆ. ಡ್ರೈವರ್‌ಗಳು ಅದಕ್ಕೆ ಒಗ್ಗಿರಬೇಕು. ಪ್ರಯತ್ನಿಸಿ ಬಿಟ್ಟೆ. ನನ್ನ ಚಿಪ್ಪಿನಲ್ಲಿ ಅಷ್ಟು ಇಕ್ಕಟ್ಟಿಲ್ಲ.

ನಾನು ಮೈಸೂರಿನಿಂದ ಶನಿವಾರದ ರೈಲಿಗೆ ಹೋಗಿ ಭಾನುವಾರ ಹಿಂದಿರುಗುವವನು. ಆ ಒಂದೂವರೆ ದಿನದಲ್ಲಿ ಹಳೆಯ ಕಂಪೈಲರ್ ಹುಡುಕುತ್ತಾ ಕೂರಲಾರೆ. ಪಂಪ್‌ಮನೆಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಯು-ಬೂಟ್‌ನ ಸಾಲಿನಲ್ಲಿ ‘ಡಿಎಂ ಟ್ರೀ’ ಎಂದು ಬರೆದರೆ ಯಾವ ಸಾಧನ ಯಾವ ಡ್ರೈವರ್‌ಗೆ ಸೇರಿದೆ, ಯಾವುದು ಎಚ್ಚರವಾಗಿದೆ ಎಂದು ಮರದ ಕೊಂಬೆಗಳ ಹಾಗೆ ತೋರಿಸುತ್ತದೆ. ಹೆಚ್ಚುವರಿ 2,400 ರೂಪಾಯಿಯನ್ನು ನಾನು ಕೊಟ್ಟದ್ದು ಇದಕ್ಕಾಗಿ. ಒಂದೇ ಬೋರ್ಡ್, ಎಂದೂ ಬದಲಾಗದ ಪಿನ್, ಕೈಯಲ್ಲಿ ಹಳೆಯ ಕಂಪೈಲರ್ ಇರುವವರಿಗೆ 1,800ರ ಬೋರ್ಡ್ ಸಾಕು.

ಕಳೆದ ವಾರ ರಾತ್ರಿ ಎರಡೂಕಾಲಕ್ಕೆ ಕರೆಂಟ್ ಬಂತು. ಅಪ್ಪ ಪಂಪ್‌ಮನೆಯ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರಂತೆ. ಸ್ಟಾರ್ಟರ್ ಒಂದೇ ಸಲ ಹಿಡಿಯಿತು, ನೀರು ಬಂತು.