ದೂರದ ಕಂಪ್ಯೂಟರಿನಲ್ಲಿ ಕಮಾಂಡ್ ಓಡಿಸಲು: ಪಿಎಸ್‌ಎಕ್ಸೆಕ್ ಅಥವಾ ಪವರ್‌ಶೆಲ್ ರಿಮೋಟಿಂಗ್?

ಮುಧೋಳ, ಜಮಖಂಡಿ ಭಾಗದ ಸಕ್ಕರೆ ಕಾರ್ಖಾನೆಗಳಲ್ಲಿ ಹಂಗಾಮು ಆರಂಭವಾದ ಮೇಲೆ, ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುವಾಗ, ವೇಬ್ರಿಜ್ (ವಾಹನ ತೂಗುವ ಕಟ್ಟೆ) ಕಂಪ್ಯೂಟರನ್ನು ಕಚೇರಿಯಿಂದಲೇ ಸರಿಪಡಿಸುವ ದಾರಿ ಇರಲೇಬೇಕು. ವಿಂಡೋಸ್ ಯಂತ್ರಗಳಿಗೆ ಅಂಥ ಎರಡು ದಾರಿಗಳು: ಮೈಕ್ರೋಸಾಫ್ಟಿನ ಪಿಎಸ್‌ಎಕ್ಸೆಕ್ ಎಂಬ ಪುಟ್ಟ ಉಪಕರಣ ಮತ್ತು ವಿಂಡೋಸಿನಲ್ಲೇ ಇರುವ ಪವರ್‌ಶೆಲ್ ರಿಮೋಟಿಂಗ್.

ಪಿಎಸ್‌ಎಕ್ಸೆಕ್ ಬಳಸಲು ಆ ಕಡೆಯ ಯಂತ್ರದಲ್ಲಿ ಮೊದಲೇ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆದರೆ ಅದು 445ನೇ ಪೋರ್ಟಿನ (ಜಾಲ ಸಂಪರ್ಕದ ಸಂಖ್ಯೆಯುಳ್ಳ ದ್ವಾರದ) ಮೂಲಕ ಅಡ್ಮಿನ್ ಷೇರಿಗೆ, ಎಂದರೆ ನಿರ್ವಾಹಕರು ಮಾತ್ರ ಜಾಲದಿಂದ ತೆರೆಯಬಲ್ಲ ಫೋಲ್ಡರಿಗೆ, ತನ್ನ ಫೈಲೊಂದನ್ನು ನಕಲಿಸಿ, ಅದನ್ನು ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಆಗಿ ಓಡಿಸುತ್ತದೆ. ದಾಳಿಕೋರರೂ ಇದೇ ಉಪಕರಣವನ್ನು ಬಳಸುವುದರಿಂದ ಆಂಟಿವೈರಸ್ ಅದನ್ನು ತಡೆಯುವುದುಂಟು. ಫೈಲುಗಳನ್ನು ಬೀಗ ಹಾಕಿ ಹಣ ಕೇಳುವ 2017ರ ವನ್ನಾಕ್ರೈ ವೈರಸ್ ಹರಡಿದ್ದೂ 445ರ ಮೂಲಕವೇ ಎಂಬುದನ್ನು ನೆನೆದರೆ, ಆ ಪೋರ್ಟನ್ನು ಎಲ್ಲ ಯಂತ್ರಗಳ ನಡುವೆ ತೆರೆದಿಡಲು ನನಗಂತೂ ಮನಸ್ಸಾಗದು.

ಪವರ್‌ಶೆಲ್ ರಿಮೋಟಿಂಗ್ 5985 ಅಥವಾ 5986ನೇ ಪೋರ್ಟನ್ನು ಬಳಸುತ್ತದೆ. ಡೊಮೇನ್ (ಒಂದೇ ಸರ್ವರಿನಿಂದ ಖಾತೆಗಳನ್ನು ನಿರ್ವಹಿಸುವ ಕಂಪ್ಯೂಟರುಗಳ ಗುಂಪು) ಒಳಗೆ ಕರ್ಬೆರೋಸ್ ಎಂಬ ಲಾಗಿನ್ ವ್ಯವಸ್ಥೆಯ ಮೂಲಕ ಗುರುತು ಪರಿಶೀಲನೆಯಾಗುವುದರಿಂದ 5985ರಲ್ಲಿಯೂ ಸಂದೇಶಗಳು ಗೂಢಲಿಪಿಯಲ್ಲೇ ಸಾಗುತ್ತವೆ. ಪ್ರಿಂಟ್ ಸ್ಪೂಲರ್ (ಮುದ್ರಣದ ಸರದಿ ನೋಡಿಕೊಳ್ಳುವ ಸರ್ವಿಸ್) ಮರುಚಾಲನೆಯಂಥ ಒಂದೇ ಕೆಲಸಕ್ಕೆ ಸೀಮಿತವಾದ ಅನುಮತಿಯನ್ನು ಸಿಬ್ಬಂದಿಗೆ ಕೊಡಬಹುದಾದದ್ದು ಇದರ ದೊಡ್ಡ ಅನುಕೂಲ. ತೊಡಕೂ ಇದೆ: ಹೀಗೆ ಸಂಪರ್ಕಿಸಿದ ದೂರದ ಯಂತ್ರದಿಂದ ಮೂರನೆಯದಾದ ಇನ್ನೊಂದು ಸರ್ವರಿನ ಫೈಲನ್ನು ತೆರೆಯಹೋದರೆ ಸಾಮಾನ್ಯವಾಗಿ ಅನುಮತಿ ಸಿಗುವುದಿಲ್ಲ.

ಲಿನಕ್ಸ್ ಯಂತ್ರಗಳೂ ಇದ್ದಲ್ಲಿ ಎಸ್‌ಎಸ್‌ಎಚ್ (ಗೂಢಲಿಪಿಯಲ್ಲಿ ದೂರದ ಯಂತ್ರಕ್ಕೆ ಲಾಗಿನ್ ಆಗುವ ವಿಧಾನ) ಸಾಕು. ಉಳಿದಂತೆ ಡೊಮೇನ್ ಇರುವ ಕಾರ್ಖಾನೆಗೆ ರಿಮೋಟಿಂಗನ್ನೇ ಆರಿಸಿ, ಆ ಪೋರ್ಟುಗಳನ್ನು ನಿರ್ವಾಹಕರ ಕಂಪ್ಯೂಟರಿಗೆ ಮಾತ್ರ ತೆರೆಯಿರಿ.