ಮಿಲ್ಫರ್ಡ್ ಸೌಂಡ್‌ಗೆ ಬಸ್ಸಾ, ಕಾರಾ? ಎರಡರಲ್ಲೂ ಹೋಗಿಬಂದ ಮೇಲೆ

ನ್ಯೂಜಿಲೆಂಡ್‌ನ ಮಿಲ್ಫರ್ಡ್ ಸೌಂಡ್‌ಗೆ ಎರಡು ಸಲ ಹೋಗಿಬಂದೆ. ಅದು ಕಡಿದಾದ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ತೋಳು, ಬೋಟಿನಲ್ಲಿ ಸುತ್ತಿ ನೋಡೋ ಜಾಗ. ಮೊದಲ ಸಲ ಅಪ್ಪ ಅಮ್ಮನ ಜೊತೆ ಕ್ವೀನ್ಸ್‌ಟೌನ್‌ನಿಂದ ಟೂರ್ ಬಸ್ಸಿನಲ್ಲಿ. ಎರಡನೇ ಸಲ ಹೆಂಡತಿ ಜೊತೆ, ದಾರಿ ಮಧ್ಯದ ಟೆ ಅನೌ ಊರಲ್ಲಿ ಒಂದು ರಾತ್ರಿ ಉಳಿದು ಬಾಡಿಗೆ ಕಾರಿನಲ್ಲಿ. ಬೋಟ್ ಸುತ್ತುವ ದಾರಿ ಎರಡು ಸಲವೂ ಹೆಚ್ಚುಕಡಿಮೆ ಒಂದೇ. ದೊಡ್ಡ ವ್ಯತ್ಯಾಸ ಇರೋದು ರಸ್ತೆಯಲ್ಲಿ.

ಮ್ಯಾಪ್ ನೋಡಿದರೆ ಕ್ವೀನ್ಸ್‌ಟೌನ್ ಪಕ್ಕದಲ್ಲೇ ಇದೆ ಅನಿಸುತ್ತದೆ. ಆದರೆ ನಡುವೆ ಬೆಟ್ಟಸಾಲು, ಸುತ್ತಿ ಬಳಸಿ ಹೋಗಬೇಕು, ಒಂದು ಕಡೆಗೇ ಸುಮಾರು 290 ಕಿ.ಮೀ. ಬೆಳಿಗ್ಗೆ 7ಕ್ಕೆ ಬಸ್ ಹತ್ತಿದವರು ಇಳಿದಾಗ ರಾತ್ರಿ 8. ಅಷ್ಟರಲ್ಲಿ ನೀರಿನ ಮೇಲೆ ಇದ್ದದ್ದು ಎರಡು ಗಂಟೆಯೂ ಇಲ್ಲ. ದಾರಿಯಲ್ಲಿ ಮಿರರ್ ಲೇಕ್ಸ್ ಎಂಬ ಕೆರೆಗಳ ಹತ್ತಿರ ಹತ್ತು ನಿಮಿಷ ಕೊಟ್ಟರು, ಅಪ್ಪ ಮೆಟ್ಟಿಲು ಇಳಿದು ನೀರಿನ ಹತ್ತಿರ ಹೋಗುವಷ್ಟರಲ್ಲಿ ವಾಪಸ್ ಕರೆದರು. ನನಗೆ ಅದು ಇನ್ನೂ ಬೇಜಾರು.

ಕಾರಿನಲ್ಲಿ ಟೆ ಅನೌನಿಂದ ಸುಮಾರು 120 ಕಿ.ಮೀ. ಅಷ್ಟೇ. ನಿಲ್ಲದೆ ಹೋದರೆ ಎರಡು ಗಂಟೆ, ನಾವು ಮೂರೂವರೆ ತಗೊಂಡೆವು. ಬಸ್ಸುಗಳು ಬರುವ ಮೊದಲೇ ಹೊರಟಿದ್ದರಿಂದ ಎಗ್ಲಿಂಟನ್ ಕಣಿವೆಯ ಒಣಹುಲ್ಲಿನ ಬಯಲಿನಲ್ಲಿ ನಾವಿಬ್ಬರೇ, ಮಂಜು ಮೇಲೇಳೋದನ್ನು ನೋಡುತ್ತಾ ಫ್ಲಾಸ್ಕಿನ ಕಾಫಿ ಕುಡಿದೆವು. ಆಮೇಲೆ ಹೋಮರ್ ಸುರಂಗ, ಉದ್ದ 1.2 ಕಿ.ಮೀ., ಒಳಗೆ ಬರೀ ಕಡಿದ ಬಂಡೆ. ಸಿಗ್ನಲ್‌ಗೆ ಕಾಯುವಾಗ ಕೀಯಾ ಎಂಬ ಬೆಟ್ಟದ ಗಿಳಿ ಬಂದು ಕಾರಿನ ರಬ್ಬರ್ ಕೀಳೋಕೆ ಶುರು ಮಾಡಿತು. ತಿಂಡಿ ಮಾತ್ರ ಕೊಡಬೇಡಿ, ಅವುಗಳ ಆರೋಗ್ಯಕ್ಕೆ ಒಳ್ಳೆಯದಲ್ಲ.

ಬೆಳಗಿನ ಬೋಟ್ ಅರ್ಧ ಖಾಲಿ. ಮೊದಲ ಸಲ ಬಸ್ಸಿನಲ್ಲಿ ಬಂದಾಗ ಹತ್ತಿದ ಮಧ್ಯಾಹ್ನದ ಬೋಟಿನಲ್ಲಿ ಅಂಚಿನ ಕಂಬಿ ಹತ್ತಿರ ನಿಲ್ಲೋಕೂ ಜಾಗ ಸಿಕ್ಕಿರಲಿಲ್ಲ. ಜೊತೆಗೆ ಎರಡನೇ ಸಲ ಮಳೆ. ದಯವಿಟ್ಟು ಮಳೆ ಅಂತ ಟಿಕೆಟ್ ಕ್ಯಾನ್ಸಲ್ ಮಾಡಬೇಡಿ! ಇಲ್ಲಿ ವರ್ಷಕ್ಕೆ 6 ಮೀಟರ್‌ಗೂ ಜಾಸ್ತಿ ಮಳೆ ಸುರಿಯುತ್ತದೆ. ಬಿಸಿಲಿನ ದಿನ ನಾನು ನೋಡಿದ್ದು ಬೋವೆನ್, ಸ್ಟರ್ಲಿಂಗ್ ಎಂಬ ಎರಡು ದೊಡ್ಡ ಜಲಪಾತ. ಮಳೆಯ ದಿನ, ಹಿಮನದಿ ಕೊರೆದ ಆ ನೆಟ್ಟಗಿನ ಬಂಡೆಗೋಡೆಗಳ ಮೇಲಿಂದ ಎಣಿಸಲಾಗದಷ್ಟು ಬಿಳಿ ಎಳೆಗಳು ಇಳಿಯುತ್ತಿದ್ದವು, ಸ್ಟರ್ಲಿಂಗ್ ಕೆಳಗೆ ಬೋಟ್ ನಿಲ್ಲಿಸಿದಾಗ ಇಬ್ಬರೂ ಪೂರ್ತಿ ತೊಯ್ದುಹೋದೆವು, ಚಳಿಯಲ್ಲೂ ಒಳಗೆ ಹೋಗೋ ಮನಸ್ಸಾಗಲಿಲ್ಲ.

ಹಾಗಂತ ಕಾರು ಎಲ್ಲರಿಗೂ ಅಲ್ಲ. ಅಲ್ಲೂ ನಮ್ಮ ಹಾಗೆ ಎಡಗಡೆ ಓಡಿಸೋದು, ಅದು ಸುಲಭ. ಆದರೆ ಸುರಂಗ ದಾಟಿದ ಮೇಲಿನ ತಿರುವುಗಳಲ್ಲಿ ಓಡಿಸುವವನ ಕಣ್ಣು ರಸ್ತೆ ಮೇಲೇ ಇರಬೇಕು, ಬೆಟ್ಟ ನೋಡೋ ಭಾಗ್ಯ ಪಕ್ಕದ ಸೀಟಿನವರಿಗೆ. ಚಳಿಗಾಲದಲ್ಲಿ ಹಿಮಕುಸಿತದ ಭಯ, ಚಕ್ರಕ್ಕೆ ಸರಪಳಿ ಕಟ್ಟೋ ಕೆಲಸ ಬೇರೆ. ಆಗ ಬಸ್ಸೇ ಸರಿ. ಕಾರಾದರೆ ಟೆ ಅನೌನಲ್ಲೇ ಟ್ಯಾಂಕ್ ತುಂಬಿಸಿ, ಮುಂದೆ ದಾರಿಯಲ್ಲಿ ಹೆಚ್ಚಿನ ಕಡೆ ಫೋನ್ ಸಿಗ್ನಲ್ ಕೂಡ ಸಿಗಲ್ಲ.

ಅಪ್ಪ ಅಮ್ಮ ಮತ್ತೆ ಬಂದರೆ ಹಿಂದಿನ ದಿನವೇ ಟೆ ಅನೌಗೆ ಕರೆದುಕೊಂಡು ಹೋಗಿ, ಅಲ್ಲಿಂದ ಬಸ್ ಹತ್ತಿಸುತ್ತೇನೆ. ಟೆ ಅನೌನಿಂದಲೂ ಬಸ್ ಇದೆ ಅಂತ ಮೊದಲ ಸಲ ನನಗೆ ಗೊತ್ತೇ ಇರಲಿಲ್ಲ.