ಚಾವಿ ತಿರುಗಿಸಿದಾಗ ಆಯಿಲ್ ದೀಪ ಉರಿಯಲೇಬೇಕು

ಹಳೆಯ ಕಾರು ಓಡಿಸುವವರೆಲ್ಲ ದಯವಿಟ್ಟು ಇದನ್ನು ಓದಿ. ಎಂಜಿನ್ನಿನಲ್ಲಿ ಆಯಿಲ್ ಒತ್ತಡ ಇಳಿದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಉರಿಸುವ, ಹೆಬ್ಬೆರಳಿನಷ್ಟು ದೊಡ್ಡ ಆಯಿಲ್ ಪ್ರೆಶರ್ ಸ್ವಿಚ್ಚನ್ನು ತಪ್ಪಾಗಿ ಕೂರಿಸಿದ್ದರಿಂದ ನನ್ನ ಎಂಜಿನ್ ಹಾಳಾಯಿತು.

ನಮ್ಮದು ಬಾಗಲಕೋಟೆಯ ನವನಗರ. ಕಳೆದ ತಿಂಗಳು ಕಾರು ನಿಂತಲ್ಲಿ ಎಂಜಿನ್ ಮೆಲ್ಲಗೆ ಓಡುವಾಗ ಕೆಂಪು ಆಯಿಲ್ ದೀಪ ಮಿಣುಕತೊಡಗಿತು. ಆಯಿಲ್ ಮಟ್ಟ ಸರಿಯಾಗಿಯೇ ಇತ್ತು. ಗ್ಯಾರೇಜಿನವರು ಸ್ವಿಚ್ಚಿನ ವೈರು ಕಳಚಿ ತೋರಿಸಿದರು. ಒಳಗೆ ಆಯಿಲ್ ಜಿನುಗಿತ್ತು. “ಸ್ವಿಚ್ ಹೋಗಿದೆ ಸರ್, ಅರ್ಧ ತಾಸಿನ ಕೆಲಸ” ಎಂದರು. ರೋಗ ಗುರುತಿಸಿದ್ದು ಸರಿಯೇ ಇತ್ತು, ಅದನ್ನು ಒಪ್ಪುತ್ತೇನೆ. ಆದರೆ ಹೊಸ ಸ್ವಿಚ್ಚಿನ ಥ್ರೆಡ್ಡಿಗೆ ನಳದ ಕೆಲಸಕ್ಕೆ ಬಳಸುವ ಬಿಳಿ ಟೆಫ್ಲಾನ್ ಟೇಪನ್ನು ಐದಾರು ಸುತ್ತು ಸುತ್ತಿ, ಉದ್ದನೆಯ ಪಾನಾದಿಂದ ಬಲವೆಲ್ಲ ಹಾಕಿ ಬಿಗಿದರು. ದೀಪ ಮಿಣುಕುವುದು ನಿಂತಿತು. ದುಡ್ಡು ಕೊಟ್ಟು ಬಂದೆ.

ನಾಲ್ಕನೆಯ ದಿನ ಅವ್ವನನ್ನು ಕರೆದುಕೊಂಡು ವಿಜಯಪುರಕ್ಕೆ ಹೊರಟೆ. ಕೊರ್ತಿ–ಕೊಲ್ಹಾರ ಸೇತುವೆಯ ಮೇಲೆ ಸುಟ್ಟ ವಾಸನೆ ಬಂತು. ಕೃಷ್ಣೆಯ ಹಿನ್ನೀರಿನ ಮೇಲಿನ ಆ ಉದ್ದನೆಯ ಸೇತುವೆಯಲ್ಲಿ ಲಾರಿಗಳ ನಡುವೆ ನಿಲ್ಲಿಸಲು ಧೈರ್ಯವಾಗಲಿಲ್ಲ. ದಾಟಿದ ಮೇಲೆ ಅವ್ವ, “ಏನದು ಟಕಟಕ ಸಪ್ಪಳ, ತಮ್ಮಾ?” ಎಂದಳು. ನಾನು ಡ್ಯಾಶ್‌ಬೋರ್ಡ್ ನೋಡಿದೆ. ಆಯಿಲ್ ದೀಪ ಉರಿದಿರಲಿಲ್ಲ. ಅದನ್ನೇ ನಂಬಿ ಇನ್ನೂ ಎರಡು ಕಿಲೋಮೀಟರ್ ಓಡಿಸಿದೆ, ಎಂಜಿನ್ ತಾನೇ ನಿಂತಿತು. ಬಾನೆಟ್ ಎತ್ತಿದರೆ ಸ್ವಿಚ್ಚಿನ ಕೆಳಗೆಲ್ಲ ಆಯಿಲ್ ತೊಯ್ದು ಧೂಳು ಮೆತ್ತಿಕೊಂಡಿತ್ತು. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ಕಿನ ತುದಿಯಲ್ಲಿ ಒಂದು ಹನಿಯೂ ಇರಲಿಲ್ಲ.

ವಿಜಯಪುರದ ಮೆಕ್ಯಾನಿಕ್ ವಿದ್ಯುತ್ ಸಂಪರ್ಕ ಪರೀಕ್ಷಿಸುವ ಮೀಟರಿನ ಒಂದು ಕಡ್ಡಿಯನ್ನು ಸ್ವಿಚ್ಚಿನ ಮೈಗೆ, ಇನ್ನೊಂದನ್ನು ಎಂಜಿನ್ನಿಗೆ ಹಿಡಿದರು. ಮೀಟರ್ ಸದ್ದು ಮಾಡಲಿಲ್ಲ, ಅಂದರೆ ಎರಡರ ನಡುವೆ ಸಂಪರ್ಕವೇ ಇರಲಿಲ್ಲ. ನನ್ನ ಕಾರಿನ ಈ ಸ್ವಿಚ್ಚಿಗೆ ಬರುವುದು ಒಂದೇ ವೈರು; ಅರ್ಥ್, ಅಂದರೆ ವಿದ್ಯುತ್ ಮರಳುವ ದಾರಿ, ಸಿಗುವುದು ಥ್ರೆಡ್ಡಿನ ಮೂಲಕ. ಒತ್ತಡವಿಲ್ಲದಾಗ ಒಳಗಿನ ಸಂಪರ್ಕ ಕೂಡಿ ದೀಪ ಉರಿಯುತ್ತದೆ, ಒತ್ತಡ ಏರಿದರೆ ಸಂಪರ್ಕ ಬಿಟ್ಟು ಆರುತ್ತದೆ. ದಪ್ಪ ಟೇಪಿನಿಂದ ಲೋಹಕ್ಕೆ ಲೋಹ ತಾಗದೆ, ಆಯಿಲ್ ಪೂರ್ತಿ ಖಾಲಿಯಾದರೂ ನನ್ನ ದೀಪ ಉರಿಯುವಂತಿರಲಿಲ್ಲ. ಸ್ವಿಚ್ ಬಿಚ್ಚಿದಾಗ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತು. ಅತಿಯಾಗಿ ಬಿಗಿದದ್ದರ ಫಲ ಅದು. ಬೇರಿಂಗುಗಳು ಉಜ್ಜಿಹೋಗಿ ಕ್ರ್ಯಾಂಕ್‌ಶಾಫ್ಟ್ ಮೇಲೆ ಗೀರು ಬಿದ್ದಿದ್ದವು. ಖರ್ಚು 52,000 ರೂಪಾಯಿ.

ಸ್ವಿಚ್ ಬದಲಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಟೇಪು ಸುತ್ತಲು ಬಿಡಬೇಡಿ. ಅದರ ಚೂರುಗಳು ಆಯಿಲ್ ದಾರಿಯೊಳಗೂ ಸೇರಬಹುದು. ಸ್ವಿಚ್ಚಿನೊಂದಿಗೆ ವಾಷರ್ ಬಂದಿದ್ದರೆ ಅದನ್ನೇ ಹಾಕಿಸಿ, ಕಂಪನಿ ಹೇಳಿದಷ್ಟೇ ಬಿಗಿ ಮಾಡಿಸಿ. ಹಳೆಯದನ್ನು ಬಿಚ್ಚಿದ ತೂತಿಗೆ ಪ್ರೆಶರ್ ಗೇಜ್ ಹಾಕಿ ನಿಜವಾದ ಒತ್ತಡ ಅಳೆಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಕೆಲವೊಮ್ಮೆ ದೀಪ ಹೇಳುವುದೇ ನಿಜವಾಗಿರುತ್ತದೆ. ಓಡುವಾಗ ಅದು ಉರಿದರೆ ಗ್ಯಾರೇಜಿನ ತನಕ ಎಂದು ಎಳೆಯದೆ, ಬದಿಗೆ ಹಾಕಿ ಎಂಜಿನ್ ಆರಿಸಿ.

ಎಂಜಿನ್ ಶುರು ಮಾಡುವ ಮೊದಲು ಚಾವಿಯನ್ನು ‘ON’ ಸ್ಥಾನಕ್ಕೆ ತಿರುಗಿಸಿದಾಗ ಕೆಂಪು ದೀಪ ಉರಿಯಬೇಕು, ಶುರುವಾದ ಕೆಲವೇ ಕ್ಷಣಗಳಲ್ಲಿ ಆರಬೇಕು. ನನ್ನ ಕಾರಿನಲ್ಲಿ ಆ ನಾಲ್ಕು ದಿನವೂ ಅದು ಉರಿಯಲೇ ಇಲ್ಲ, ನಾನು ನೋಡಲೇ ಇಲ್ಲ. ಇತ್ತೀಚೆಗೆ ಸ್ವಿಚ್ ಬದಲಿಸಿಕೊಂಡಿದ್ದರೆ ಈಗಲೇ ಎದ್ದು ಹೋಗಿ ಚಾವಿ ತಿರುಗಿಸಿ ನೋಡಿ.